ಗುರುವಿನ ಕುರ್ಚಿ, ಶಿಷ್ಯನ ಕುರ್ಚಿ

ಕೋಪನ್‌ಹೇಗನ್‌ನ ನಮ್ಮ ಬಾಡಿಗೆ ಮನೆಯ ಕಿಟಕಿಯ ಪಕ್ಕ ಇರುವುದು ಒಂದೇ ಕುರ್ಚಿಯ ಜಾಗ. ಅಲ್ಲಿ ಯಾವುದು ಕೂರಬೇಕು ಎಂದು ನಿರ್ಧರಿಸಲು ನನಗೆ ಇಡೀ ಒಂದು ಚಳಿಗಾಲ ಹಿಡಿಯಿತು. ಒಂದು, ಡೆನ್ಮಾರ್ಕಿನ ಪೀಠೋಪಕರಣ ವಿನ್ಯಾಸಕ ಕೋರೆ ಕ್ಲಿಂಟ್ 1933ರಲ್ಲಿ ರೂಪಿಸಿದ ಸಫಾರಿ ಕುರ್ಚಿ. ಇನ್ನೊಂದು, ಅವರ ಶಿಷ್ಯ ಬೋರ್ಗೆ ಮೋಗೆನ್ಸನ್ 1958ರಲ್ಲಿ ರೂಪಿಸಿದ ಸ್ಪ್ಯಾನಿಷ್ ಕುರ್ಚಿ. ಎರಡೂ ಮರ ಮತ್ತು ತೊಗಲಿನವು, ಎರಡನ್ನೂ ಹಳೆಯ ಸಾಮಾನಿನವರಿಂದಲೇ ಕೊಂಡೆ.

ಸಫಾರಿ ಕುರ್ಚಿಯ ಮೇಲೆ ನನಗೆ ಮೊದಲಿನಿಂದಲೂ ಪ್ರೀತಿ. ಅದರ ಮೂಲ ನಮ್ಮ ರೂರ್ಕಿ. ಬ್ರಿಟಿಷ್ ಸೇನೆಯ ಎಂಜಿನಿಯರುಗಳ ನೆಲೆಯಾಗಿದ್ದ ಆ ಊರಿನ ಹೆಸರು ಹೊತ್ತ ಕುರ್ಚಿಯನ್ನು ಅಧಿಕಾರಿಗಳು ಬಿಚ್ಚಿ, ಕಟ್ಟಿ, ಡೇರೆಯಿಂದ ಡೇರೆಗೆ ಒಯ್ಯುತ್ತಿದ್ದರು. ಕ್ಲಿಂಟ್ ಅದನ್ನೇ ತಿದ್ದಿ ಹದಗೊಳಿಸಿದರು. ಮೊಳೆಯಿಲ್ಲ, ಅಂಟಿಲ್ಲ. ಕಡೆದ ಆಶ್ ಮರದ ಕಾಲುಗಳ ತೂತಿಗೆ ಅಡ್ಡಕೋಲುಗಳ ಮೊನಚು ತುದಿ ಕೂರುತ್ತದೆ, ತೊಗಲಿನ ಪಟ್ಟಿ ಬಿಗಿದರೆ ಕುರ್ಚಿ ಸಿದ್ಧ. ನಾವು ಕುಳಿತ ಭಾರಕ್ಕೇ ಕೀಲುಗಳು ಇನ್ನಷ್ಟು ಬಿಗಿಯುತ್ತವೆ. ನಮ್ಮ ಮನೆಯ ಹಲಗೆ ನೆಲ ಒಂದು ಕಡೆ ತಗ್ಗಾಗಿದೆ. ಆದರೂ ಇದರ ನಾಲ್ಕು ಕಾಲೂ ನೆಲಕ್ಕೆ ಊರಿಯೇ ಇರುತ್ತವೆ. ಬೆನ್ನಿನ ಭಾಗ ಕೀಲಿನ ಮೇಲೆ ತಿರುಗುವುದರಿಂದ ಒರಗಿದಂತೆ ತಾನೂ ಓರೆಯಾಗುತ್ತದೆ. ಬೆನ್ನಿಗೆ ಇಷ್ಟು ಒಗ್ಗುವ ಕುರ್ಚಿಯಲ್ಲಿ ನಾನು ಕುಳಿತಿರಲಿಲ್ಲ.

ಆದರೆ ತೋಳಿಡುವ ಜಾಗದಲ್ಲಿರುವುದು ಬರೀ ಪಟ್ಟಿ. ಅರ್ಧ ಗಂಟೆ ಪುಸ್ತಕ ಹಿಡಿದರೆ ಮೊಣಕೈ ಕುಸಿಯುತ್ತದೆ. ಕಾಫಿ ಲೋಟವನ್ನು ನೆಲದ ಮೇಲೇ ಇಡಬೇಕು.

ಸ್ಪ್ಯಾನಿಷ್ ಕುರ್ಚಿ ಇದಕ್ಕೆ ತದ್ವಿರುದ್ಧ. ಸ್ಪೇನಿನ ಪ್ರವಾಸದಲ್ಲಿ ಕಂಡ ಹಳೆಯ ಕುರ್ಚಿಗಳ ನೆನಪಿನಲ್ಲಿ ಮೋಗೆನ್ಸನ್ ಕೆತ್ತನೆಯನ್ನೆಲ್ಲ ತೆಗೆದು, ದಪ್ಪ ಓಕ್ ಚೌಕಟ್ಟು ಮತ್ತು ಜೀನಿನ ತೊಗಲನ್ನು ಮಾತ್ರ ಉಳಿಸಿದರು. ತೋಳುಗಳು ಹಲಗೆಯಷ್ಟು ಅಗಲ. ಪಕ್ಕದಲ್ಲಿ ಮೇಜೇ ಬೇಡ. ನನ್ನ ಬಲಗೈಯ ಕಡೆ ಲೋಟದ ತಳದ ಉಂಗುರ ಆಗಲೇ ಮೂಡಿದೆ. ಸಾಬೂನಿನ ಚೂರನ್ನು ಬಿಸಿನೀರಿನಲ್ಲಿ ಕಲಸಿ ಉಜ್ಜುವುದು ಇಲ್ಲಿಯ ರೂಢಿ. ಉಜ್ಜಿದ್ದೇನೆ, ಕಲೆ ಮಾಸಿದೆ, ಹೋಗಿಲ್ಲ.

ಈ ಕುರ್ಚಿಯನ್ನು ತಿಳಿಯಬೇಕಾದರೆ ಅದರ ಕೆಳಗೆ ಅಂಗಾತ ಮಲಗಬೇಕು. ಕೂರುವ ತೊಗಲು ಅಡಿಯಲ್ಲಿ ಬಕಲ್‌ಗಳಿಂದ ಬಿಗಿದುಕೊಂಡಿದೆ, ಬೆನ್ನಿನದು ಹಿಂದಿನಿಂದ. ಹಿಂದಿನ ಮಾಲೀಕರು ವರ್ಷಗಟ್ಟಲೆ ಕುಳಿತು ತೊಗಲು ಜೋತುಬಿದ್ದಿತ್ತು. ನಾನು ಕುಳಿತರೆ ಮುಂಭಾಗದ ಓಕ್ ಪಟ್ಟಿ ತೊಡೆಗೆ ಒತ್ತುತ್ತಿತ್ತು. ಒಂದು ಭಾನುವಾರ ಮಲಗಿಕೊಂಡು ಒಂದೊಂದೇ ಪಟ್ಟಿಯನ್ನು ಒಂದು ತೂತು ಮುಂದಕ್ಕೆ ಎಳೆದೆ. ಹಳೆಯ ತೂತಿನ ಸುತ್ತ ತೊಗಲು ಕಪ್ಪಾಗಿ, ಬಾಯಿ ತೆರೆದು ಉದ್ದವಾಗಿತ್ತು. ಪಕ್ಕದ ತೂತು ಹೊಸದರಂತೆ ದುಂಡಗೆ, ತಿಳಿ ಜೇನುಬಣ್ಣದಲ್ಲಿತ್ತು. ಎದ್ದು ಕುಳಿತಾಗ ಒತ್ತುವುದು ನಿಂತಿತ್ತು. ನಮ್ಮ ಕಡೆ ಆವರಿಕೆ ತೊಗಟೆಯಲ್ಲಿ ಹದ ಮಾಡುವಂತೆ ಇದನ್ನೂ ಮರದ ರಸದಲ್ಲಿ ಹದ ಮಾಡಿದ್ದಾರೆ. ಬಿಸಿಲು ತಾಗಿದ ಬದಿ ಬೆಲ್ಲದ ಬಣ್ಣಕ್ಕೆ ತಿರುಗಿದೆ.

ಎತ್ತರದ ವಿಷಯದಲ್ಲಿ ಇದೂ ದೋಷಮುಕ್ತವಲ್ಲ. ಕೂರುವ ಎತ್ತರ ಸುಮಾರು 33 ಸೆಂಟಿಮೀಟರ್. ಊಟದ ಮೇಜಿಗೆ ಎಳೆದುಕೊಳ್ಳುವ ಮಾತೇ ಇಲ್ಲ. ಕೊಠಡಿ ಚಿಕ್ಕದಾದರೆ ಅದರ ಅಗಲವೂ ತೊಡಕು.

ಕೊನೆಗೆ ತೀರ್ಮಾನ ಮಾಡಿದ್ದು ಅಮ್ಮನ ಮಂಡಿ. ಶಿವಮೊಗ್ಗದಿಂದ ಬಂದವರು ಎರಡರಲ್ಲೂ ಕುಳಿತರು. ಸಫಾರಿಯಿಂದ ಏಳಲು ಹೋದಾಗ ಪಟ್ಟಿ ಕೈಯಡಿ ಜಗ್ಗಿತು. ನಾನೇ ಹಿಡಿದು ಎಬ್ಬಿಸಬೇಕಾಯಿತು. ಸ್ಪ್ಯಾನಿಷ್ ಕುರ್ಚಿಯಲ್ಲಿ ಅಗಲವಾದ ತೋಳಿನ ಮೇಲೆ ಎರಡೂ ಅಂಗೈ ಊರಿ, ಯಾರನ್ನೂ ಕರೆಯದೆ ಎದ್ದರು.

ಕಿಟಕಿಯ ಪಕ್ಕ ಈಗ ಶಿಷ್ಯನ ಕುರ್ಚಿ ಇದೆ. ಗುರುವಿನದು ಬಿಚ್ಚಿದ ಕೋಲುಗಳಾಗಿ ಮಂಚದ ಕೆಳಗೆ, ಚೀಲದಲ್ಲಿದೆ. ಜೂನ್‌ನಲ್ಲಿ ಅಂಗಳಕ್ಕೆ ಒಯ್ಯುತ್ತೇನೆ.