ಹಾರ್ನೆಸ್ಸೋ, ಜಾಲರಿ ಗೂಡೋ, ಕಾಂಪೌಂಡ್ ತಡೆಯೋ: ಮನೆಯೊಳಗಿನ ಬೆಕ್ಕನ್ನು ಹಿತ್ತಲಿಗೆ ಬಿಡುವುದು ಹೇಗೆ?

ಮನೆಯೊಳಗೇ ಬೆಳೆದ ಬೆಕ್ಕಿಗೆ ಹಿತ್ತಲು ತೋರಿಸಲು ಮೂರು ದಾರಿಗಳಿವೆ. ಹಾರ್ನೆಸ್, ಅಂದರೆ ಎದೆ ಮತ್ತು ಭುಜದ ಸುತ್ತ ಕಟ್ಟುವ ಪಟ್ಟಿ ತೊಡಿಸಿ ಹಗ್ಗ ಹಿಡಿದು ಓಡಾಡಿಸಬಹುದು. ಜಾಲರಿ ಗೂಡು, ಅಂದರೆ ಕ್ಯಾಟಿಯೋ ಕಟ್ಟಬಹುದು. ಇಲ್ಲವೇ ಕಾಂಪೌಂಡನ್ನೇ ಬೆಕ್ಕು ದಾಟದಂತೆ ಮಾಡಬಹುದು. ಮೂರನ್ನೂ ಬಳಸಿ ನೋಡಿದ ಮೇಲೆ ಮುಖ್ಯ ಅನ್ನಿಸುವ ಪ್ರಶ್ನೆ ಒಂದೇ: ಇದು ಕೈಕೊಡುವುದು ಹೇಗೆ, ಆ ಹೊತ್ತಿಗೆ ಬೆಕ್ಕು ಎಲ್ಲಿರುತ್ತದೆ?

ಹಾರ್ನೆಸ್ ಕೈಕೊಡುವುದು ಬೆಕ್ಕು ಹಿಂದಕ್ಕೆ ಸರಿದಾಗ. ಮುಂದಕ್ಕೆ ಎಳೆಯುವ ಬೆಕ್ಕು ತಪ್ಪಿಸಿಕೊಳ್ಳುವುದು ಅಪರೂಪ. ಬೆದರಿದ್ದು ಹಿಮ್ಮೆಟ್ಟುತ್ತದೆ, ಮುಂದಿರುವ ನಿಮ್ಮ ಕೈಯಲ್ಲಿ ಹಗ್ಗ ಬಿಗಿಯುತ್ತದೆ, ಅದು ಭುಜ ಕುಗ್ಗಿಸಿ ಪಟ್ಟಿಯಿಂದ ಜಾರಿಬಿಡುತ್ತದೆ. ಬೆಕ್ಕಿನ ಕೊರಳೆಲುಬು ನಮ್ಮದರಂತೆ ಭುಜದ ಮೂಳೆಗೆ ಕೂಡಿಕೊಂಡಿಲ್ಲ, ಆದ್ದರಿಂದ ತಲೆ ತೂರುವ ಕಡೆ ಮೈಯೂ ತೂರುತ್ತದೆ. ಹೊರಗೆ ಹೋಗುವ ಮುಂಚೆ ಮನೆಯೊಳಗೇ ಪರೀಕ್ಷೆ ಮಾಡಿ: ಬೆಕ್ಕಿನ ಎದುರು ಕೂತು, ಅದರ ತಲೆಯ ಮಟ್ಟದಲ್ಲಿ ಹಗ್ಗವನ್ನು ಮೆಲ್ಲಗೆ ನಿಮ್ಮತ್ತ ಎಳೆಯಿರಿ. ಜಾರಿದರೆ ಆ ಹಾರ್ನೆಸ್ ಆ ಬೆಕ್ಕಿಗಲ್ಲ. ಪಟ್ಟಿಯಡಿ ಒಂದು ಬೆರಳು ಸಲೀಸಾಗಿ, ಎರಡನೆಯದು ಕಷ್ಟಪಟ್ಟು ಹೋಗಬೇಕು. ಅಗಲ ಬಟ್ಟೆಯ ಜಾಕೆಟ್ ಮಾದರಿ ತೆಳು ಪಟ್ಟಿಯದಕ್ಕಿಂತ ಕಡಿಮೆ ಜಾರುತ್ತದೆ, ಆದರೆ ಬಿಸಿಲಿನಲ್ಲಿ ಸೆಕೆ ಹೆಚ್ಚು.

ರೂಢಿ ಮಾಡಿಸುವುದಕ್ಕೆ ಎರಡು ವಾರವಾದರೂ ಬೇಕು. ಮೊದಲ ಮೂರು ನಾಲ್ಕು ದಿನ ಊಟದ ಬಟ್ಟಲ ಪಕ್ಕ ಸುಮ್ಮನೆ ಇಡಿ, ಆಮೇಲೆ ದಿನಕ್ಕೆ ಐದು ನಿಮಿಷ ತೊಡಿಸಿ. ತೊಡಿಸಿದ ಕೂಡಲೇ ಬೆಕ್ಕು ಪಕ್ಕಕ್ಕೆ ಉರುಳಿ ಬಿದ್ದುಕೊಳ್ಳುವುದು ಸಾಮಾನ್ಯ, ಗಾಬರಿ ಬೇಡ. ತಿಂಡಿ ಕಂಡು ಎದ್ದು ನಡೆಯುವವರೆಗೆ ಬಾಗಿಲು ದಾಟಿಸಬೇಡಿ. ಹಗ್ಗ 2 ಮೀಟರ್ ಸಾಕು. ತಾನಾಗಿ ಸುತ್ತಿಕೊಳ್ಳುವ ಹಗ್ಗ ಬೇಡವೇ ಬೇಡ: ಕೈತಪ್ಪಿದರೆ ಅದರ ಹಿಡಿ ಸದ್ದು ಮಾಡುತ್ತಾ ಬೆಕ್ಕನ್ನೇ ಅಟ್ಟಿಸಿಕೊಂಡು ಹೋದಂತಾಗುತ್ತದೆ, ಬೆಕ್ಕು ದಿಕ್ಕೆಟ್ಟು ಓಡುತ್ತದೆ. ಮರಕ್ಕೋ ಕಂಬಕ್ಕೋ ಕಟ್ಟಿ ಒಳಗೆ ಹೋಗುವ ಅಭ್ಯಾಸವಂತೂ ತೀರಾ ಅಪಾಯ. ನಾಯಿ ಬಂದರೆ ಓಡಲು ದಾರಿಯಿಲ್ಲ, ಗೋಡೆ ಹಾರಿದರೆ ಅತ್ತ ನೇತಾಡುತ್ತದೆ. ಬೆಕ್ಕನ್ನು ಒಯ್ಯುವ ಬುಟ್ಟಿಯಲ್ಲೇ ಹೊರಗೆ ತಂದು, ಬಾಗಿಲು ತೆರೆದು ಹುಲ್ಲಿನ ಮೇಲಿಡಿ. ಹೆದರಿದಾಗ ಅದು ಓಡಿ ಸೇರಿಕೊಳ್ಳಬೇಕಾದ ಜಾಗ ಆ ಬುಟ್ಟಿ.

ಜಾಲರಿ ಗೂಡಿನಲ್ಲಿ ಖರ್ಚು, ಶ್ರಮ ಎರಡೂ ಹೆಚ್ಚು. ಆದರೂ ಬಹುಪಾಲು ಬೆಕ್ಕುಗಳಿಗೆ ನಮ್ಮ ಮೊದಲ ಆಯ್ಕೆ ಅದೇ, ಏಕೆಂದರೆ ಅದರ ತಪ್ಪುಗಳನ್ನು ಕಟ್ಟುವಾಗಲೇ ತಿದ್ದಬಹುದು. ಹೆಚ್ಚಿನ ತಪ್ಪು ಜಾಲರಿಯಲ್ಲೇ. ಸೊಳ್ಳೆ ಪರದೆಯನ್ನು ಉಗುರು ಹರಿಯುತ್ತದೆ, ಪ್ಲಾಸ್ಟಿಕ್ ಬಲೆಯನ್ನು ಹಲ್ಲು ಕತ್ತರಿಸುತ್ತದೆ. ಆರು ಮೂಲೆಯ ಕೋಳಿ ಜಾಲರಿಯ ತಂತಿಗಳು ಬರೀ ಹೆಣೆದುಕೊಂಡಿರುತ್ತವೆ, ಒಂದು ತುಂಡಾದರೆ ಪಕ್ಕದವೂ ಬಿಚ್ಚಿಕೊಳ್ಳುತ್ತವೆ. ಬೇಕಾದದ್ದು 1.6 ಮಿ.ಮೀ. ತಂತಿಯ, 25 ಮಿ.ಮೀ. ಕಣ್ಣಿನ ವೆಲ್ಡ್ ಮೆಶ್, ಅಂದರೆ ತಂತಿಗಳು ಸೇರುವಲ್ಲೆಲ್ಲ ಬೆಸೆದ ಜಾಲರಿ. ಮರಿಗಳಿದ್ದರೆ ಅಥವಾ ಹಾವು, ಇಲಿಗಳ ಕಾಟವಿದ್ದರೆ 12 ಮಿ.ಮೀ. ಕಣ್ಣಿನದು. ಜಾಲರಿಯನ್ನು ಚೌಕಟ್ಟಿನ ಒಳಮೈಗೆ ಬಡಿಯಿರಿ. ಆಗ ಬೆಕ್ಕು ಒಳಗಿನಿಂದ ತಳ್ಳಿದಷ್ಟೂ ಅದು ಮರಕ್ಕೇ ಒತ್ತಿಕೊಳ್ಳುತ್ತದೆ. ಸ್ಟೇಪಲ್ ಪಿನ್ನು ಮಾತ್ರ ಹೊಡೆದರೆ ಬೆಕ್ಕು ಹತ್ತಿ ಇಳಿದು ಸಡಿಲಾಗುತ್ತವೆ, ಪ್ರತಿ 15 ಸೆಂ.ಮೀ.ಗೆ ವಾಶರ್ ಹಾಕಿದ ಸ್ಕ್ರೂ ಬೇಕು. ಕತ್ತರಿಸಿದ ತಂತಿಯ ತುದಿಗಳನ್ನು ಮಡಚಿ ಮರದ ಪಟ್ಟಿಯಿಂದ ಮುಚ್ಚಿ. ಬುಡದಲ್ಲಿ ಜಾಲರಿಯನ್ನು 30 ಸೆಂ.ಮೀ. ಹೊರಕ್ಕೆ ಮಲಗಿಸಿ ಮಣ್ಣು ಮುಚ್ಚಿದರೆ ಹೊರಗಿನಿಂದ ಯಾವ ಪ್ರಾಣಿಯೂ ಸುಲಭವಾಗಿ ಕೆರೆದು ನುಗ್ಗಲಾರದು. ಮೇಲೂ ಜಾಲರಿ ಇರಲೇಬೇಕು.

ನೆಲದ ಅಗಲಕ್ಕಿಂತ ಎತ್ತರ ಮುಖ್ಯ. 2 ಮೀಟರ್ ಎತ್ತರದ ಸಣ್ಣ ಗೂಡಿನಲ್ಲಿ 30 ಸೆಂ.ಮೀ. ಅಗಲದ ಹಲಗೆಗಳನ್ನು ಎಡಬಲವಾಗಿ ಮೆಟ್ಟಿಲಿನಂತೆ ಕೂರಿಸಿದರೆ, ತಗ್ಗಾದ ದೊಡ್ಡ ಗೂಡಿಗಿಂತ ಬೆಕ್ಕು ಅದನ್ನೇ ಹೆಚ್ಚು ಬಳಸುತ್ತದೆ. ಎಳೆಯ ಬೆಕ್ಕಿಗೆ ಹಲಗೆಗಳ ನಡುವೆ 50 ಸೆಂ.ಮೀ. ಅಂತರ ಸರಿ. ಮುದಿ ಬೆಕ್ಕಿಗೆ ಹತ್ತುವುದಕ್ಕಿಂತ ಇಳಿಯುವುದು ನೋವು, ಹಾಗಾಗಿ 30ಕ್ಕೆ ಇಳಿಸಿ. ಅರ್ಧ ಭಾಗಕ್ಕೆ ನೆರಳು, ಒಂದು ಬಟ್ಟಲು ನೀರು. ಬಿಳಿ ಕಿವಿಯ ಬೆಕ್ಕಿಗೆ ನೆರಳು ಇನ್ನೂ ಮುಖ್ಯ, ತೀರಾ ಬಿಸಿಲಿಗೆ ಕಿವಿಯ ತುದಿ ಸುಟ್ಟು ಮುಂದೆ ಕ್ಯಾನ್ಸರಿಗೂ ತಿರುಗಬಹುದು. ಮನುಷ್ಯರು ಹೋಗಿಬರುವ ಕಡೆ ಒಂದರ ಹಿಂದೆ ಒಂದು ಎರಡು ಬಾಗಿಲಿರಲಿ, ಚಿಲಕ ಒಳಗೂ ಹೊರಗೂ ಸಿಗಲಿ. ಕೆಳಗೆ ಒತ್ತಿ ತೆರೆಯುವ ಹಿಡಿಯನ್ನು ಬೆಕ್ಕು ಬೇಗ ಕಲಿತುಬಿಡುತ್ತದೆ.

ಕಾಂಪೌಂಡ್ ತಡೆ ನೋಡಲು ಚೆಂದ, ಇಡೀ ಹಿತ್ತಲು ಬೆಕ್ಕಿನದಾಗುತ್ತದೆ. ಕೈಕೊಡುವ ಜಾಗಗಳು ಮಾತ್ರ ತುಂಬಾ. ಗೋಡೆಯ ತುದಿಯಲ್ಲಿ 45 ಡಿಗ್ರಿ ಒಳಬಾಗಿದ ಕಂಬಿಗಳಿಗೆ 50 ಸೆಂ.ಮೀ. ಅಗಲದ ಬಲೆ ಕಟ್ಟುವುದು ಒಂದು ಬಗೆ. ಬಲೆ ಸಡಿಲವಾಗಿರಬೇಕು, ಬಿಗಿದರೆ ಅದೇ ಏಣಿಯಾಗುತ್ತದೆ. ಉರುಳುವ ಕೊಳವೆ ಇನ್ನೊಂದು ಬಗೆ. ಬೆಕ್ಕು ಮುಂಗಾಲು ಹಾಕಿ ಮೇಲೇರಲು ನೋಡಿದಾಗ ಕೊಳವೆ ತಿರುಗಿ ಹಿಡಿತ ತಪ್ಪುತ್ತದೆ. ಗೋಡೆ 1.8 ಮೀಟರಿಗಿಂತ ಕಡಿಮೆಯಿದ್ದರೆ ಬೆಕ್ಕು ನೇರ ಮೇಲಕ್ಕೇ ನೆಗೆಯುತ್ತದೆ, ಕೊಳವೆಯಿಂದ ಪ್ರಯೋಜನವಿಲ್ಲ. ಗೋಡೆಗೆ 2 ಮೀಟರ್ ಒಳಗಿನ ಮರ, ನೀರಿನ ತೊಟ್ಟಿ, ಶೆಡ್ಡಿನ ಮಾಡು ಎಲ್ಲವೂ ಹಾರುವ ಮೆಟ್ಟಿಲುಗಳೇ. ಗೇಟಿನಡಿಯ ಸಂದು 5 ಸೆಂ.ಮೀ.ಗಿಂತ ಕಡಿಮೆ ಮಾಡಿ. ಇನ್ನೊಂದು ತೊಂದರೆ ಅನೇಕರಿಗೆ ಹೊಳೆಯುವುದೇ ಇಲ್ಲ: ಹೊರಗಿನ ಬೆಕ್ಕು ಒಳಗೆ ಹಾರಿ ಬರಬಹುದು, ಬಂದದ್ದು ಹೊರಗೆ ಹೋಗಲಾರದು. ಅಲ್ಲಿಗೆ ಕಾದಾಟವೇ. ಹಾಗಾಗಿ ಈ ವ್ಯವಸ್ಥೆ ಇದ್ದರೂ ಬೆಕ್ಕನ್ನು ಒಂಟಿಯಾಗಿ ಬಿಡಬೇಡಿ. ನೆಗೆತ ಕಡಿಮೆಯಾದ ವಯಸ್ಸಾದ ಬೆಕ್ಕಿಗೆ ಇದು ಹಿತ, ಎರಡು ವರ್ಷದೊಳಗಿನ ಚುರುಕು ಬೆಕ್ಕಿಗೆ ನಾವು ಇದನ್ನು ಹೇಳುವುದಿಲ್ಲ.

ದಾರಿ ಯಾವುದೇ ಇರಲಿ, ಲಸಿಕೆ, ಸಂತಾನಹರಣ ಚಿಕಿತ್ಸೆ, ಗುರುತಿಗೆ ಚರ್ಮದಡಿ ಹಾಕುವ ಮೈಕ್ರೋಚಿಪ್ ಮೊದಲೇ ಆಗಿರಬೇಕು. ಲಿಲ್ಲಿ, ಕಣಗಿಲೆ, ಸೈಕಾಸ್ ಗಿಡಗಳನ್ನು ತೆಗೆದುಬಿಡಿ. ಲಿಲ್ಲಿಯ ಪರಾಗ ಮೈಗೆ ಅಂಟಿ, ಬೆಕ್ಕು ಅದನ್ನು ನೆಕ್ಕಿಕೊಂಡರೂ ಸಾಕು, ಮೂತ್ರಪಿಂಡ ಹಾಳಾಗುತ್ತದೆ. ಲಕ್ಷಣಕ್ಕೆ ಕಾಯದೆ ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಬೇಕು. ಬಸವನಹುಳು ಮದ್ದು, ಇಲಿ ಪಾಷಾಣ ಹಿತ್ತಲಲ್ಲಿ ಇರಕೂಡದು.

ಹೊರಗೆ ಕರೆದೊಯ್ಯುವ ಸಮಯ ಊಟಕ್ಕೆ ಮುಂಚೆ ಇರಲಿ. ಹಸಿದ ಬೆಕ್ಕು ಬಟ್ಟಲ ಸದ್ದಿಗೆ ತಾನಾಗಿ ಒಳಗೆ ಬರುತ್ತದೆ. ಬಾಗಿಲ ಬಳಿ ಕೂತು ಕೂಗಿದಾಗಲೆಲ್ಲ ತೆರೆದರೆ ಕೂಗುವುದನ್ನೇ ಕಲಿಯುತ್ತದೆ, ಆದ್ದರಿಂದ ಸುಮ್ಮನಾಗುವವರೆಗೆ ಕಾದು, ಆಮೇಲೆ ಹಾರ್ನೆಸ್ ಕೈಗೆತ್ತಿಕೊಳ್ಳಿ.