ಆರು ಲೋಟ, ಒಂದು ಫ್ರೀಜರ್: ಯಾವುದು ಮೊದಲು ಗಟ್ಟಿಯಾಯಿತು?

ನೀರು ಮೊದಲು, ಉಪ್ಪುನೀರು ಕೊನೆಗೆ. ಶುರು ಮಾಡುವ ಮುಂಚೆ ನನ್ನ ಲೆಕ್ಕ ಇಷ್ಟೇ ಇತ್ತು. ಎರಡೂ ಕಡೆ ಎಡವಿದೆ.

ಒಂದೇ ಅಳತೆಯ ಆರು ಸ್ಟೀಲ್ ಲೋಟ ತಗೊಂಡೆ. ಸಾದಾ ನೀರು, ಸಕ್ಕರೆ ನೀರು, ಉಪ್ಪುನೀರು, ಹಾಲು, ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ. ಒಂದೊಂದರಲ್ಲೂ 100 ಮಿಲಿ. ಸಕ್ಕರೆಯೂ ಉಪ್ಪೂ ತಲಾ 10 ಗ್ರಾಂ. ಎಲ್ಲವೂ 27 ಡಿಗ್ರಿಯಲ್ಲಿದ್ದವು, ಫ್ರೀಜರ್ ಮೈನಸ್ 18ರಲ್ಲಿತ್ತು. ಮಧ್ಯೆ ಮಧ್ಯೆ ಬಾಗಿಲು ತೆಗೆದು ಇಣುಕಿದ್ದೇನೆ, ಅಷ್ಟು ಚಳಿ ಹೊರಗೆ ಹೋಗಿದೆ. ಹಾಗಾಗಿ ನಿಮಿಷಗಳನ್ನು ಅಂದಾಜು ಅಂತಲೇ ಓದಿ. ಯಾವುದು ಮುಂದೆ, ಯಾವುದು ಹಿಂದೆ ಅನ್ನೋದನ್ನು ಮಾತ್ರ ನಂಬಬಹುದು.

50 ನಿಮಿಷಕ್ಕೆ ಬಾಗಿಲು ತೆಗೆದರೆ ತೆಂಗಿನೆಣ್ಣೆ ಆಗಲೇ ಮೇಣದ ಹಾಗೆ ಬೆಳ್ಳಗೆ ಕೂತುಬಿಟ್ಟಿತ್ತು. ನೀರಿನಲ್ಲಿ ಅಂಚಿಗೊಂದು ತೆಳು ಪದರ, ಅಷ್ಟೇ. ಇದು ಮೋಸ ಅಲ್ವಾ ಅಂತ ಒಂದು ಕ್ಷಣ ಅನಿಸಿತು. ತೆಂಗಿನೆಣ್ಣೆ ಗಟ್ಟಿಯಾಗೋದು ಸುಮಾರು 24 ಡಿಗ್ರಿಗೆ. ಅದು ಮೂರೇ ಡಿಗ್ರಿ ಇಳಿದರೆ ಸಾಕು, ನೀರು 27 ಇಳಿಯಬೇಕು. ಜೊತೆಗೆ ಒಂದು ಡಿಗ್ರಿ ಇಳಿಯಲು ಎಣ್ಣೆ ಬಿಟ್ಟುಕೊಡಬೇಕಾದ ಶಾಖ ನೀರಿನ ಅರ್ಧದಷ್ಟು ಮಾತ್ರ.

ಹಾಗಾದರೆ ಎಣ್ಣೆ ಅಂದ್ರೆ ಬೇಗ ಗಟ್ಟಿ ಅನ್ನೋಣವೇ? ಪಕ್ಕದ ಸೂರ್ಯಕಾಂತಿ ಎಣ್ಣೆಯನ್ನು ನೋಡಿ. ಅದು ಬೇಗ ತಣ್ಣಗಾಯಿತು, ಆದರೆ ಗಟ್ಟಿಯಾಗಲಿಲ್ಲ. ಮಂಜು ಕವಿದ ಗಾಜಿನ ಹಾಗೆ ಮಬ್ಬಾಯಿತು, ಜೇನಿನಷ್ಟು ಮಂದವಾಯಿತು, ಮರುದಿನ ಬೆಳಗ್ಗೆಯೂ ಲೋಟ ಓರೆ ಮಾಡಿದರೆ ನಿಧಾನವಾಗಿ ಹರಿಯುತ್ತಿತ್ತು. ಕೊನೆಯ ಸ್ಥಾನ ಉಪ್ಪುನೀರಿಗೇ ಅಂದುಕೊಂಡಿದ್ದ ನನಗೆ ಇದು ಎರಡನೇ ಪೆಟ್ಟು. ತೆಂಗಿನೆಣ್ಣೆಯ ಅಣುಗಳ ಬಾಲಗಳು ಬಹುತೇಕ ನೇರ, ಕಡ್ಡಿಪೆಟ್ಟಿಗೆಯ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಕೂರುತ್ತವೆ. ಸೂರ್ಯಕಾಂತಿಯ ಬಾಲಗಳಲ್ಲಿ ಸೊಟ್ಟ ಜಾಸ್ತಿ. ಸೊಟ್ಟ ಸೌದೆಯನ್ನು ಜೋಡಿಸಿ ನೋಡಿದವರಿಗೆ ಉಳಿದದ್ದನ್ನು ಹೇಳಬೇಕಿಲ್ಲ.

ಈಗ ನೀರಿಗೆ ಬರೋಣ. ಥರ್ಮಾಮೀಟರ್‌ನ ಕಡ್ಡಿಯನ್ನು ಲೋಟದ ನಡುವೆ ಇಳಿಬಿಟ್ಟಿದ್ದೆ. 27ರಿಂದ ಸೊನ್ನೆಗೆ ಬರಲು ಮುಕ್ಕಾಲು ಗಂಟೆ. ಆಮೇಲೆ ಅಲ್ಲೇ ನಿಂತಿತು. ಒಂದು ಗಂಟೆ ಬಿಟ್ಟು ನೋಡಿದೆ, ಸೊನ್ನೆ. ಎರಡು ಗಂಟೆ ಬಿಟ್ಟು, ಮತ್ತೆ ಸೊನ್ನೆ. ಥರ್ಮಾಮೀಟರ್ ಕೆಟ್ಟಿತಾ ಅಂತ ಉಗುರಿನಿಂದ ತಟ್ಟಿಯೂ ನೋಡಿದೆ. ಕೆಟ್ಟಿರಲಿಲ್ಲ. ಒಂದು ಗ್ರಾಂ ನೀರು ಒಂದು ಡಿಗ್ರಿ ಇಳಿಯಲು ಸುಮಾರು 4.2 ಜೂಲ್ ಬಿಡಬೇಕು, ಸೊನ್ನೆಯಲ್ಲೇ ನಿಂತು ಐಸ್ ಆಗಲು 334 ಜೂಲ್. ಇಳಿದು ಬಂದ ಅಷ್ಟೂ ದಾರಿಯ ಖರ್ಚಿಗಿಂತ ಆ ಕೊನೆಯ ಹೊಸ್ತಿಲಿನ ಖರ್ಚು ಮೂರು ಪಟ್ಟು. ನೀರು ಪೂರ್ತಿ ಗಟ್ಟಿಯಾಗುವ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು.

ಹಾಲು, ಸಕ್ಕರೆ ನೀರು ಎರಡೂ ಶುರುವಿನಲ್ಲಿ ಅವಳಿಗಳು. ಹಾಲು ಹೆಪ್ಪುಗಟ್ಟಲು ಶುರುವಾಗೋದು ಮೈನಸ್ 0.5ರ ಆಸುಪಾಸಿನಲ್ಲಿ, ನನ್ನ ಸಕ್ಕರೆ ನೀರಿನ ಲೆಕ್ಕವೂ ಹೆಚ್ಚುಕಮ್ಮಿ ಅಷ್ಟೇ. ಹಾಲಿನ ಆ ಅಂಕಿ ಎಷ್ಟು ಸ್ಥಿರ ಅಂದ್ರೆ, ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಪತ್ತೆ ಮಾಡಲು ಅದನ್ನೇ ಅಳೆಯುತ್ತಾರೆ. ನೀರು ಬೆರೆತಷ್ಟೂ ಅಂಕಿ ಸೊನ್ನೆಯ ಕಡೆ ಸರಿಯುತ್ತದೆ. ಕೊನೆಯಲ್ಲಿ ಮಾತ್ರ ಇಬ್ಬರೂ ಬೇರೆಯಾದರು. ಬೆಳಗ್ಗೆ ಹಾಲು ಕಲ್ಲಿನ ಹಾಗಿತ್ತು, ಬಣ್ಣ ಸ್ವಲ್ಪ ಹಳದಿಗೆ ತಿರುಗಿತ್ತು. ಸಕ್ಕರೆ ನೀರಿನೊಳಗೆ ಚಮಚ ಇಳಿಯಿತು. ಐಸ್ ಕಟ್ಟುವಾಗ ನೀರು ಸಕ್ಕರೆಯನ್ನು ಹೊರಗೆ ತಳ್ಳುತ್ತದೆ, ಉಳಿದ ಪಾಕ ಇನ್ನೂ ಮಂದವಾಗಿ ಐಸ್ ಹರಳುಗಳ ನಡುವೆ ಸಿಕ್ಕಿಕೊಳ್ಳುತ್ತದೆ.

ಉಪ್ಪಿನದು ಬೇರೆಯೇ ಕಥೆ. ತೂಕ ಸಕ್ಕರೆಯಷ್ಟೇ, 10 ಗ್ರಾಂ. ಆದರೆ ಅದರ ನೀರು ಮೈನಸ್ 6ರ ಹತ್ತಿರ ಇಳಿಯುವ ತನಕ ಐಸ್ ಕಟ್ಟಲೇ ಇಲ್ಲ. ಇಲ್ಲಿ ಲೆಕ್ಕಕ್ಕೆ ಬರೋದು ತೂಕವಲ್ಲ, ತಲೆಎಣಿಕೆ. ಸಕ್ಕರೆಯ ಅಣು ಭಾರ. ಉಪ್ಪು ಹಗುರ, ಸಾಲದ್ದಕ್ಕೆ ನೀರಿಗೆ ಬಿದ್ದೊಡನೆ ಎರಡಾಗಿ ಒಡೆಯುತ್ತದೆ. ಅದೇ 10 ಗ್ರಾಂನಲ್ಲಿ ಉಪ್ಪಿನ ಕಣಗಳು ಸಕ್ಕರೆಯದಕ್ಕಿಂತ ಸುಮಾರು 12 ಪಟ್ಟು ಜಾಸ್ತಿ. ಕಣ ಜಾಸ್ತಿಯಾದಷ್ಟೂ ನೀರಿಗೆ ಐಸ್ ಆಗಿ ಸಾಲಾಗಿ ನಿಲ್ಲೋದು ಕಷ್ಟ.

ಬೆಳಗ್ಗೆ ಉಪ್ಪುನೀರಿನ ಲೋಟ ಬಗ್ಗಿಸಿದೆ. ಮುದ್ದೆಯ ಸಂದಿಯಿಂದ ನೀರು ಜಿನುಗಿತು. ಒಂದು ಹನಿ ನಾಲಿಗೆಗೆ ಹಾಕಿಕೊಂಡು ಮುಖ ಕಿವುಚಿದೆ, ಅಷ್ಟು ಉಪ್ಪು. ಐಸ್ ಚೂರನ್ನು ತೊಳೆದು ಬಾಯಿಗಿಟ್ಟರೆ ಉಪ್ಪು ತೀರಾ ಕಮ್ಮಿ. ಈ ಲೋಟವನ್ನು ವಾರಗಟ್ಟಲೆ ಇಟ್ಟರೂ ಮೈನಸ್ 18ರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದ್ರವವಾಗಿಯೇ ಉಳಿಯುತ್ತದೆ. ಅದು ಪೂರ್ತಿ ಗಟ್ಟಿಯಾಗಬೇಕಾದರೆ ಮೈನಸ್ 21 ದಾಟಬೇಕು. ಅಂದರೆ ಇದು ನಿಧಾನವಾಗಿ ಓಡುತ್ತಿರಲಿಲ್ಲ. ನನ್ನ ಫ್ರೀಜರ್‌ನಲ್ಲಿ ಇದರ ಗುರಿಯ ಗೆರೆಯೇ ಇರಲಿಲ್ಲ.

ಮುಚ್ಚಿದ ಬಾಟಲಿಯಲ್ಲಿ ಶುದ್ಧ ನೀರು ಇಟ್ಟು ಇನ್ನೊಂದು ಸಲ ನೋಡಿದೆ. ಮೈನಸ್ 5ರಲ್ಲೂ ತಿಳಿನೀರು! ಮೇಜಿನ ಮೇಲೆ ಕುಟ್ಟಿದೆ, ಕಣ್ಣೆದುರೇ ಬಿಳಿ ಎಳೆಗಳು ಸರಸರ ಹಬ್ಬಿದವು. ಮೊದಲ ಹರಳಿಗೆ ನೆಲೆ ಸಿಗದಿದ್ದರೆ ನೀರು ಹೀಗೆ ಸುಮ್ನೆ ಕಾಯುತ್ತದೆ. ಫ್ಯಾರನ್‌ಹೀಟ್ 1724ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. ಆದರೆ ಬಾಟಲಿ ಪೂರ್ತಿ ಕಲ್ಲಾಗಲಿಲ್ಲ. ನೂರಕ್ಕೆ ಆರು ಪಾಲು ಐಸ್ ಆಗುವಷ್ಟರಲ್ಲಿ, ಅದು ಬಿಟ್ಟ ಶಾಖಕ್ಕೇ ಉಳಿದ ನೀರು ಸೊನ್ನೆಗೆ ಏರಿಬಿಡುತ್ತದೆ.

ಇದರಲ್ಲಿ ನನಗೆ ಉಪಯೋಗಕ್ಕೆ ಬಂದದ್ದು ಒಂದು ಜೋಡಿ. ಡಬ್ಬಿಯನ್ನು ತುಂಬಾ ಹೊತ್ತು ತಣ್ಣಗಿಡಬೇಕಾದರೆ ಸಾದಾ ನೀರಿನ ಐಸೇ ವಾಸಿ, ಕರಗುವಾಗ ಆ 334 ಜೂಲನ್ನೂ ಸುತ್ತಲಿಂದಲೇ ವಾಪಸ್ ಎಳೆದುಕೊಳ್ಳುತ್ತದೆ. ಮೊಣಕಾಲು ನೋವಿಗೆ ಮಾತ್ರ ಉಪ್ಪುನೀರಿನ ಚೀಲ, ಮಂಡಿಯ ಸುತ್ತ ಬಾಗುತ್ತದೆ. ಬಟ್ಟೆ ಸುತ್ತಿಯೇ ಇಡಿ. ಅದು ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ಚರ್ಮ ಸುಟ್ಟ ಹಾಗಾಗುತ್ತದೆ.