ಏಳು ಚಳಿಗಾಲ ಬಳಸಿದ ಮೇಲೆ: ಪೋರ್ಟಬಲ್ ಹಾಟ್ ಟಬ್ಬೋ, ಇನ್‌ಗ್ರೌಂಡೋ?

ನಮ್ಮ ಮನೆ ಇರುವುದು ಮಿಷಿಗನ್‌ನ ನೋವೈ ಅನ್ನೋ ಊರಿನಲ್ಲಿ, ಡೆಟ್ರಾಯಿಟ್ ಪಕ್ಕ. ಊರ ಹೆಸರಿಗೆ ತಕ್ಕ ಹಾಗೆ ನನಗೆ ಸೊಂಟ ನೋವು. ದಿನವಿಡೀ ಕುರ್ಚಿಯಲ್ಲಿ ಕೂತು ಕೋಡ್ ಬರೆಯುವವನಿಗೆ ಬರಬೇಕಾದದ್ದೇ ಬಿಡಿ. ಫಿಸಿಯೋಥೆರಪಿಗೆ ಹೋಗುತ್ತಿದ್ದಾಗ ಅಲ್ಲಿಯ ಬಿಸಿನೀರಿನ ತೊಟ್ಟಿಯಲ್ಲಿ ಹತ್ತು ನಿಮಿಷ ಕೂರಿಸುತ್ತಿದ್ದರು. ಹುಚ್ಚು ಹತ್ತಿದ್ದು ಅಲ್ಲಿಂದ. 2018ರ ಅಕ್ಟೋಬರಿನಲ್ಲಿ ಐದು ಜನ ಕೂರುವ ಪೋರ್ಟಬಲ್ ಟಬ್, ಅಂದರೆ ತಂದು ನೆಲದ ಮೇಲೆ ಇಡುವಂಥದ್ದು, ತಗೊಂಡೆವು.

ಅದಕ್ಕೆ ಎರಡು ವರ್ಷ ಮೊದಲೇ ಡಲ್ಲಾಸ್ ಹತ್ತಿರ ಇರುವ ನಮ್ಮ ಅಕ್ಕ-ಭಾವ ಈಜುಕೊಳ ತೋಡಿಸುವಾಗ ಅದರ ತುದಿಗೆ ಇನ್‌ಗ್ರೌಂಡ್ ಸ್ಪಾ, ಅಂದರೆ ನೆಲದೊಳಗೇ ಕಟ್ಟುವ ಬಿಸಿನೀರಿನ ತೊಟ್ಟಿ, ಕಟ್ಟಿಸಿದ್ದರು. ವರ್ಷಕ್ಕೊಮ್ಮೆ ನಾವು ಅಲ್ಲಿ, ಅವರು ಇಲ್ಲಿ. ಹಾಗಾಗಿ ಎರಡನ್ನೂ ಸಾಕಷ್ಟು ಬಳಸಿದ್ದೇನೆ. 'ಯಾವುದು ತಗೊಳ್ಳೋದು' ಅಂತ ಕೇಳುವ ಗೆಳೆಯರಿಗೆ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೆ ಬರೆದೇ ಬಿಡುತ್ತಿದ್ದೇನೆ.

ಎಲ್ಲರೂ ಇದನ್ನು ಜಕೂಝಿ ಅಂತಾರೆ. ಅದು ಕಂಪನಿಯ ಹೆಸರು, ವನಸ್ಪತಿಗೆಲ್ಲ ಡಾಲ್ಡಾ ಅಂದ ಹಾಗೆ. ಜಕೂಝಿ ಮನೆಯವರು ಇಟಲಿಯಿಂದ ಕ್ಯಾಲಿಫೋರ್ನಿಯಾಗೆ ಬಂದವರು. ಮೊದಲು ವಿಮಾನದ ಪ್ರೊಪೆಲರ್, ಆಮೇಲೆ ನೀರೆತ್ತುವ ಪಂಪು ಮಾಡುತ್ತಿದ್ದರು. ಮನೆಯ ಹುಡುಗನೊಬ್ಬನಿಗೆ ಸಂಧಿವಾತ ಇತ್ತು. ಅವನಿಗಾಗಿ ಅಪ್ಪ ಸ್ನಾನದ ತೊಟ್ಟಿಗೆ ಇಳಿಬಿಡುವ ಪಂಪು ಮಾಡಿಕೊಟ್ಟ. 1956ರಲ್ಲಿ ಅದು ಮಾರುಕಟ್ಟೆಗೆ ಬಂತು. ಈ ಕಥೆ ಹೇಳಿಯೇ ಹೆಂಡತಿಯನ್ನು ಒಪ್ಪಿಸಿದ್ದು. "ಇದು ಶೋಕಿ ಅಲ್ಲ ಕಣೇ, ಔಷಧಿ." ಅವಳು ನಂಬಲಿಲ್ಲ, ಆದರೆ ಒಪ್ಪಿದಳು.

ನನಗೂ ಮೊದಲು ಆಸೆ ಇದ್ದದ್ದು ನೆಲದೊಳಗಿನದ್ದೇ. ಕಲ್ಲು ಹಾಸಿದ ಅಂಗಳ, ಅದರ ಮಟ್ಟಕ್ಕೇ ಹೊಗೆಯಾಡುವ ನೀರು, ನೋಡೋಕೆ ಎಷ್ಟು ಚೆನ್ನ ಅಲ್ವಾ? ಕೊಟೇಶನ್ ತರಿಸಿದೆ. ಸ್ಪಾ ಒಂದಕ್ಕೇ, ಈಜುಕೊಳ ಇಲ್ಲದೆ, 32,000 ಡಾಲರ್ ಅಂದರು. ಗುಂಡಿ ತೋಡಬೇಕು, ಕಂಬಿ ಕಟ್ಟಬೇಕು, ಕಾಂಕ್ರೀಟ್ ಚಿಮ್ಮಿಸಿ ಮೆತ್ತಬೇಕು, ಗ್ಯಾಸ್ ಲೈನ್ ಎಳೆಯಬೇಕು, ಊರಿನವರ ಪರವಾನಗಿ, ಸುತ್ತ ಬೇಲಿ. ಜೊತೆಗೆ ಇಲ್ಲಿ ಚಳಿಗಾಲದಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಮನೆಯ ಪಾಯವನ್ನು 42 ಇಂಚು ಆಳಕ್ಕೆ ಇಳಿಸಬೇಕು ಅನ್ನುವ ನಿಯಮ ಇರುವುದು ಅದಕ್ಕೇ. ಆ ನೆಲದಲ್ಲಿ ನೀರಿನ ಪೈಪು ಹೂಳುವುದು ಅಂದಾಗಲೇ ನನ್ನ ಎದೆ ಸ್ವಲ್ಪ ಡವಡವ ಅಂತು.

ಪೋರ್ಟಬಲ್‌ಗೆ ನಮಗೆ ಬಿದ್ದದ್ದು: ಟಬ್ 8,200, ಕಾಂಕ್ರೀಟ್ ಹಾಸು 1,500, ಎಲೆಕ್ಟ್ರಿಷಿಯನ್ 1,300, ಮೆಟ್ಟಿಲು, ಮುಚ್ಚಳ ಎತ್ತುವ ಸಲಕರಣೆ ಅಂತ ಇನ್ನೊಂದು 400. ಒಟ್ಟು 11,400 ಡಾಲರ್. ಅಂಗಡಿಯವರು ಟಬ್ಬಿನ ಬೆಲೆ ಮಾತ್ರ ಹೇಳುತ್ತಾರೆ, ಉಳಿದದ್ದು ನಮಗೇ ಒಂದೊಂದಾಗಿ ಗೊತ್ತಾಗುತ್ತದೆ.

ಕಾಂಕ್ರೀಟ್ ಯಾಕೆ, ಮರದ ಡೆಕ್ ಮೇಲೇ ಇಟ್ಟರಾಯಿತಲ್ಲ ಅಂತ ಕೇಳುವವರಿದ್ದಾರೆ. ಲೆಕ್ಕ ಹಾಕಿ. ನಮ್ಮದು 350 ಗ್ಯಾಲನ್, ಅಂದರೆ 1,300 ಲೀಟರ್‌ಗೂ ಜಾಸ್ತಿ. ನೀರಿನ ತೂಕವೇ 1,300 ಕಿಲೋ. ಟಬ್ಬು 350, ಐದು ಜನ ಕೂತರೆ ಇನ್ನೊಂದು 350. ಎರಡು ಟನ್! ಏಳಡಿ ಚೌಕದ ಮೇಲೆ ಹಂಚಿದರೆ ಚದರ ಅಡಿಗೆ 90 ಪೌಂಡ್ ಬರುತ್ತದೆ. ಮಾಮೂಲಿ ಡೆಕ್ ಕಟ್ಟುವುದು 40 ಪೌಂಡ್ ಭಾರಕ್ಕೆ.

ಕರೆಂಟಿನ ವಿಷಯದಲ್ಲೂ ಹಾಗೇ. 120 ವೋಲ್ಟಿನ ಮಾಮೂಲಿ ಪ್ಲಗ್ಗಿಗೆ ಸಿಕ್ಕಿಸುವ ಟಬ್ಬುಗಳೂ ಸಿಗುತ್ತವೆ, ಎಲೆಕ್ಟ್ರಿಷಿಯನ್ ಖರ್ಚು ಉಳಿಯುತ್ತದೆ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಜೆಟ್ (ಮೈಗೆ ನೀರು ಚಿಮ್ಮಿಸುವ ನಳಿಗೆ) ಜೋರಾಗಿ ಓಡುವಾಗ ಹೀಟರ್ ನಿಂತುಬಿಡುತ್ತದೆ. ಜನವರಿಯಲ್ಲಿ ಮುಚ್ಚಳ ತೆಗೆದು ಅರ್ಧ ಗಂಟೆ ಕೂತರೆ ನೀರು ಉಗುರುಬೆಚ್ಚಗಾಗುತ್ತಾ ಬರುತ್ತದೆ. ಚಳಿ ಊರಿನವರು 240 ವೋಲ್ಟ್, 50 ಆಂಪಿನದ್ದೇ ತಗೊಳ್ಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇವೆರಡರ ನಿಜವಾದ ವ್ಯತ್ಯಾಸ ಬೆಲೆಯೂ ಅಲ್ಲ, ಅಂದವೂ ಅಲ್ಲ. ಒಂದು ಯಾವಾಗಲೂ ಬಿಸಿ ಇರುತ್ತದೆ. ಇನ್ನೊಂದನ್ನು ಬೇಕಾದಾಗ ಕಾಯಿಸಿಕೊಳ್ಳಬೇಕು.

ಪೋರ್ಟಬಲ್ ಟಬ್ಬಿನ ಹೊಟ್ಟೆಯೊಳಗೆಲ್ಲ ಫೋಮ್, ಮೇಲೆ ದಪ್ಪ ಫೋಮಿನ ಮುಚ್ಚಳ. ಪಂಪಿನ ಬಿಸಿಯೂ ಒಳಗೇ ಉಳಿಯುತ್ತದೆ. ನಮ್ಮದು ವರ್ಷವಿಡೀ 102 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಸುಮಾರು 39 ಸೆಲ್ಸಿಯಸ್‌ನಲ್ಲಿ ಇರುತ್ತದೆ. ಕೆಲಸ ಮುಗಿಸಿ, ಊಟ ಮಾಡಿ, ಮುಚ್ಚಳ ತೆಗೆದರೆ ಆಯಿತು. ಕರೆಂಟಿಗೆ ಬೇಸಿಗೆಯಲ್ಲಿ ತಿಂಗಳಿಗೆ 20 ಡಾಲರ್, ಜನವರಿಯಲ್ಲಿ 65-70.

ಭಾವನದ್ದು ಬೇರೆ ಥರ. ಗೋಡೆಯೆಲ್ಲ ಕಾಂಕ್ರೀಟ್, ಅದರಾಚೆ ಮಣ್ಣು. ಸ್ಪಾದ ನೀರು ಅಂಚಿನಿಂದ ಈಜುಕೊಳಕ್ಕೆ ಧುಮುಕುವ ಹಾಗೆ ಕಟ್ಟಿಸಿದ್ದಾರೆ, ಹಾಗಾಗಿ ಮುಚ್ಚಳವೂ ಇಲ್ಲ. ಬಿಸಿ ನಿಲ್ಲುವುದೇ ಇಲ್ಲ. ಅದಕ್ಕೆ 4 ಲಕ್ಷ ಬಿಟಿಯು (ಹೀಟರಿನ ಶಕ್ತಿಯ ಅಳತೆ) ಗ್ಯಾಸ್ ಹೀಟರ್ ಹಾಕಿಸಿದ್ದಾರೆ. ಫೋನಿನಲ್ಲೇ ಆನ್ ಮಾಡಬಹುದು, ಚಳಿಗಾಲದಲ್ಲಿ 700 ಗ್ಯಾಲನ್ ಕಾಯಲು ಹತ್ತಿರ ಹತ್ತಿರ ಒಂದು ಗಂಟೆ. ಒಂದು ಗಂಟೆ ಏನು ಮಹಾ ಅನ್ನಿಸಬಹುದು. ಆದರೆ ಆ ಒಂದು ಗಂಟೆಯಲ್ಲಿ ಮಗಳಿಗೆ ಹೋಂವರ್ಕ್ ನೆನಪಾಗುತ್ತದೆ, ಆಫೀಸಿನಿಂದ ಫೋನ್ ಬರುತ್ತದೆ, ಸೋಫಾ ಮೇಲೆ ಕೂತವರಿಗೆ ಎದ್ದು ಹೋಗಲು ಮನಸ್ಸಾಗುವುದಿಲ್ಲ. ನಾವು ವಾರಕ್ಕೆ ನಾಲ್ಕು ದಿನ ಕೂರುತ್ತೇವೆ. ಅವರು ತಿಂಗಳಿಗೆ ಒಂದೆರಡು ಸಲ, ಅದೂ ನೆಂಟರು ಬಂದಾಗ. "ನಿಮ್ಮ ಪುಣ್ಯದಿಂದ ನಾನೂ ಕೂತೆ ನೋಡಪ್ಪಾ" ಅಂತ ಭಾವ ನನಗೇ ಹೇಳುತ್ತಾರೆ.

ಎಲ್ಲಿಡಬೇಕು ಅನ್ನುವುದೂ ಇದಕ್ಕೇ ಸೇರಿದ ಮಾತು. ನಮ್ಮದು ಅಡುಗೆಮನೆ ಬಾಗಿಲಿನಿಂದ ಹನ್ನೆರಡು ಅಡಿ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಒದ್ದೆ ಮೈಯಲ್ಲಿ ಓಡುವಾಗ ಒಂದೊಂದು ಅಡಿಯೂ ಲೆಕ್ಕಕ್ಕೆ ಬರುತ್ತದೆ.

ಹಿಮಗಾಲದಲ್ಲಿ ಕರೆಂಟು ಹೋದರೆ? ಇಬ್ಬರಿಗೂ ಆ ಪಾಠ ಆಗಿದೆ. 2021ರ ಫೆಬ್ರವರಿಯಲ್ಲಿ ಟೆಕ್ಸಸ್‌ಗೆ ಬಂದ ಹಿಮಗಾಳಿ ನೆನಪಿರಬಹುದು. ಈಜುಕೊಳದ ಪಂಪುಗಳಲ್ಲಿ, ಚಳಿ ಬಿದ್ದ ಕೂಡಲೇ ತಾವಾಗಿಯೇ ಓಡಿ ನೀರು ಹೆಪ್ಪುಗಟ್ಟದಂತೆ ಕಾಯುವ ವ್ಯವಸ್ಥೆ ಇರುತ್ತದೆ. ಕರೆಂಟೇ ಇಲ್ಲದಿದ್ದರೆ ಓಡುವುದು ಹೇಗೆ? ಭಾವನ ಮನೆಯಲ್ಲಿ ನೆಲದ ಮೇಲಿದ್ದ ಪೈಪು, ಫಿಲ್ಟರ್ ಎರಡೂ ಸೀಳಿದವು. ಅಕ್ಕಪಕ್ಕದ ಮನೆಗಳದ್ದೂ ಅದೇ ಕಥೆ, ಹಾಗಾಗಿ ಪ್ಲಂಬರೂ ಇಲ್ಲ, ಸಾಮಾನೂ ಇಲ್ಲ. ಸ್ಪಾ ಮತ್ತೆ ಶುರುವಾಗುವಾಗ ಮೇ ತಿಂಗಳು.

ನಮ್ಮ ಸರದಿ ಬಂದದ್ದು 2023ರ ಫೆಬ್ರವರಿಯಲ್ಲಿ. ಮಂಜುಮಳೆ ಬಿದ್ದು ಮರಗಳೆಲ್ಲ ತಂತಿಯ ಮೇಲೆ ಉರುಳಿದವು. ಎರಡು ದಿನ ಕತ್ತಲೆ. ಮುಚ್ಚಳದ ಮೇಲೆ ಹಳೆಯ ಜಮಖಾನ, ಅದರ ಮೇಲೆ ಟಾರ್ಪಾಲು ಹೊದಿಸಿ ಸುಮ್ನೆ ಬಿಟ್ಟೆವು. ಕರೆಂಟು ಬಂದಾಗ ನೀರು 102ರಿಂದ 78ಕ್ಕೆ ಇಳಿದಿತ್ತು, ಅಷ್ಟೇ. ಇನ್ನೂ ಮೂರು ದಿನ ಹೋಗಿದ್ದರೆ ಏನಾಗುತ್ತಿತ್ತೋ.

ಇನ್ನು ಪೋರ್ಟಬಲ್ ಅನ್ನೋ ಹೆಸರು. ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತವರಿಗೆ ಆ ಪದ ಕಿವಿಗೆ ಇಂಪಾಗಿರುತ್ತದೆ. ನಾಳೆ ಕೆಲಸ ಬದಲಾಗಬಹುದು, ಮನೆ ಬದಲಾಗಬಹುದು, ಟಬ್ಬು ಜೊತೆಗೇ ಬರುತ್ತದಲ್ಲ ಅಂತ. 2021ರ ಮೇನಲ್ಲಿ ಇದೇ ಊರಿನಲ್ಲಿ ಆರು ಮೈಲಿ ಆಚೆ ಮನೆ ಬದಲಾಯಿಸಿದೆವು. ನಾಲ್ಕು ಜನ ಬಂದು ಟಬ್ಬನ್ನು ಅಡ್ಡ ನಿಲ್ಲಿಸಿ, ಗಾಲಿ ಹಲಗೆ ಮೇಲೆ ಎಳೆದು ಸಾಗಿಸಿದರು. ಅದಕ್ಕೆ 600. ಹೊಸ ಕಾಂಕ್ರೀಟ್ ಹಾಸು 1,800. ಹೊಸ ವೈರಿಂಗ್ 1,400. ಜೊತೆಗೆ ಬೇಲಿಯ ಎರಡು ಹಲಗೆ ಕಿತ್ತು ಮತ್ತೆ ಹೊಡೆಸಿದ್ದು. ಬೀರು ಸಾಗಿಸಿದ ಹಾಗಲ್ಲ ಇದು. ಆದರೂ ಬಿಟ್ಟುಬರುವ ನೋವಿಲ್ಲ, ಅದಂತೂ ನಿಜ.

ಆ ಹೊಸ ಹಾಸಿನ ಮೇಲೆ ನಾನು ಮಾಡಿದ ಎಡವಟ್ಟು ಒಂದಿದೆ. ಜಾಗ ಉಳಿಸಲು ಟಬ್ಬನ್ನು ಬೇಲಿಗೆ ತಾಗಿಸಿ ಇಡಿಸಿದೆ. 2024ರ ಜನವರಿಯಲ್ಲಿ ನೀರು ತಿರುಗಿಸುವ ಸಣ್ಣ ಪಂಪು ಕೆಟ್ಟಿತು. ಐದು ವರ್ಷದ ವಾರಂಟಿ ಮುಗಿದು ಮೂರು ತಿಂಗಳಾಗಿತ್ತು! ಆ ಪಂಪು ಇದ್ದದ್ದು ಬೇಲಿಯ ಕಡೆ. ಅಂಗಡಿಯವರು ಮೂರು ವಾರ ಆಗುತ್ತದೆ ಅಂದರು. ಹೊರಗೆ ಮೈನಸ್ 12 ಸೆಲ್ಸಿಯಸ್. ದೊಡ್ಡ ಪಂಪನ್ನು ಆಗಾಗ ಓಡಿಸುತ್ತಾ, ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ನೋಡುತ್ತಾ ಮೂರು ವಾರ ಕಳೆದೆ. ಬಾಣಂತನ ಮಾಡಿದ ಹಾಗೆ. ಸುತ್ತ ಎರಡು ಮೂರು ಅಡಿ ಬಿಡಿ, ದಯವಿಟ್ಟು.

ಇಲ್ಲಿ ಇನ್‌ಗ್ರೌಂಡಿಗೇ ಅಂಕ ಕೊಡಬೇಕು. ಅದರ ಪಂಪು, ಹೀಟರ್, ಫಿಲ್ಟರ್ ಎಲ್ಲ ಪಕ್ಕದಲ್ಲಿ ಸಾಲಾಗಿ ಕೂತಿರುತ್ತವೆ. ಯಾವ ಕಂಪನಿಯದ್ದಾದರೂ ಹಾಕಬಹುದು, ಈಜುಕೊಳ ರಿಪೇರಿ ಗೊತ್ತಿರುವ ಯಾರಾದರೂ ಮಾಡುತ್ತಾರೆ. ಪೋರ್ಟಬಲ್‌ನಲ್ಲಿ ಎಷ್ಟೋ ಬಿಡಿಭಾಗಗಳು ಆ ಕಂಪನಿಯವೇ ಆಗಬೇಕು. ಕಾಂಕ್ರೀಟ್ ತೊಟ್ಟಿ ದಶಕಗಟ್ಟಲೆ ಬಾಳುತ್ತದೆ, ಹತ್ತು ಹದಿನೈದು ವರ್ಷಕ್ಕೊಮ್ಮೆ ಒಳಗಿನ ಪ್ಲಾಸ್ಟರ್ ಹೊಸದು ಮಾಡಿಸಬೇಕು. ನಮ್ಮಂಥ ಟಬ್ಬಿನ ಆಯಸ್ಸೇ ಹೆಚ್ಚೂ ಕಡಿಮೆ ಅಷ್ಟು. ಮುಚ್ಚಳದ ಆಯಸ್ಸು ಇನ್ನೂ ಕಡಿಮೆ. ಒಳಗಿನ ಫೋಮ್ ನೀರು ಕುಡಿದು ಕುಡಿದು, ಒಬ್ಬರೇ ಎತ್ತಲಾಗದಷ್ಟು ಭಾರವಾಯಿತು. ಆರನೇ ವರ್ಷ ಹೊಸದು ತರಿಸಿದೆ.

ನೀರಿನ ವಿಷಯದಲ್ಲಿ ನಮ್ಮ ಅಮ್ಮನ ಮಾತು ಹೇಳಲೇಬೇಕು. 2019ರಲ್ಲಿ ದೀಪಾವಳಿಗೆ ಬಂದಿದ್ದರು. ನೀರು ತುಂಬುವ ಹಬ್ಬದ ದಿನ ಟಬ್ಬನ್ನು ನೋಡಿ, "ಹಂಡೆ ನೀರನ್ನ ಚೊಂಬಲ್ಲಿ ತಗೊಂಡು ಹುಯ್ಕೋಬೇಕು ಕಣೋ. ಹಂಡೆಯೊಳಗೇ ಕೂರ್ತೀರಾ? ಅದೇ ನೀರಲ್ಲಿ ಎಷ್ಟು ದಿನ?" ಅಂದರು. ಮೂರು ತಿಂಗಳು ಅಂದೆ. ಆಮೇಲೆ ಅವರು ಆ ಕಡೆ ತಲೆ ಹಾಕಲಿಲ್ಲ.

ಅವರ ಅನುಮಾನ ತಪ್ಪಲ್ಲ. ಆ ನೀರು ಕುದಿಯುವ ನೀರಲ್ಲ, ಕ್ರಿಮಿಗಳಿಗೆ ಹಿತವಾದ ಬಿಸಿ. ಔಷಧಿ ಸರಿಯಾಗಿ ಹಾಕದಿದ್ದರೆ ಮೈಮೇಲೆ ಗುಳ್ಳೆ ಏಳುತ್ತವೆ, ಹಬೆಯ ಜೊತೆ ಲೀಜನೆಲ್ಲಾ ಬ್ಯಾಕ್ಟೀರಿಯಾ ಶ್ವಾಸಕೋಶಕ್ಕೂ ಹೋಗಬಹುದು. ಅಮೆರಿಕ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿ ಹೇಳುವಂತೆ ಕ್ರಿಮಿ ಕೊಲ್ಲುವ ಬ್ರೋಮಿನ್ 4ರಿಂದ 8 ಪಿಪಿಎಂ (ನೀರಿನ ಹತ್ತು ಲಕ್ಷ ಪಾಲಿಗೆ ಇಷ್ಟು ಪಾಲು), ಪಿಎಚ್ 7.0ರಿಂದ 7.8 ಇರಬೇಕು. ವಾರಕ್ಕೆ ಮೂರು ಸಲ ಬಣ್ಣ ಬದಲಾಗುವ ಪರೀಕ್ಷೆಯ ಪಟ್ಟಿ ಅದ್ದಿ ನೋಡುತ್ತೇನೆ, ವಾರಕ್ಕೊಮ್ಮೆ ಫಿಲ್ಟರ್ ತೊಳೆಯುತ್ತೇನೆ. ಭಾವನ ಸ್ಪಾದ ನೀರು ಇಡೀ ಈಜುಕೊಳದ ಜೊತೆ ತಿರುಗುತ್ತಿರುತ್ತದೆ, ಹಾಗಾಗಿ ಇಬ್ಬರು ಜಾಸ್ತಿ ಕೂತರೂ ಅದು ಕೆಡುವುದಿಲ್ಲ. 350 ಗ್ಯಾಲನ್ನಿಗೆ ಆ ತಾಳ್ಮೆ ಇಲ್ಲ.

ಅದು ಅರ್ಥವಾದದ್ದು ಅದೇ ದೀಪಾವಳಿಯಲ್ಲಿ. ನರಕ ಚತುರ್ದಶಿಯ ಬೆಳಿಗ್ಗೆ ಅಮ್ಮ ಮಕ್ಕಳಿಗೆ ತಲೆಯಿಂದ ಕಾಲಿನವರೆಗೆ ಹರಳೆಣ್ಣೆ ತಿಕ್ಕಿದರು. ಸೀಗೆಪುಡಿ ಕಲಸುವಷ್ಟರಲ್ಲಿ ಇಬ್ಬರೂ ಹಿಂದಿನ ಬಾಗಿಲಿನಿಂದ ಓಡಿ ಟಬ್ಬಿಗೆ ಹಾರಿದ್ದರು. ಜೆಟ್ ಬೇರೆ ಆನ್. ಮಜ್ಜಿಗೆ ಕಡೆದ ಹಾಗೆ ನೊರೆ ಬಂತು. ಫಿಲ್ಟರ್ ಎರಡನ್ನೂ ಎಸೆಯಬೇಕಾಯಿತು, ಹಬ್ಬದ ದಿನ ನೀರೆಲ್ಲ ಖಾಲಿ ಮಾಡಿ, ಪೈಪು ತೊಳೆದು ಮತ್ತೆ ತುಂಬಿಸಿದೆ. ನೀರು ತುಂಬುವ ಹಬ್ಬ ಆ ವರ್ಷ ಎರಡು ಸಲ ಆಯಿತು.

ಮಕ್ಕಳ ಮಾತು ಬಂತಲ್ಲ. ಐದು ವರ್ಷದೊಳಗಿನವರನ್ನು ಇಳಿಸಬೇಡಿ, ಬಸುರಿಯರು, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿ, ನೀರಿನ ಬಿಸಿ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿಸಬೇಡಿ. ನಮ್ಮ ಮುಚ್ಚಳಕ್ಕೆ ಬೀಗ ಇದೆ. ಹಳೆಯ ಮನೆ ಕೊಳ್ಳುತ್ತಿದ್ದು, ಅಲ್ಲಿ ಮೊದಲೇ ಇನ್‌ಗ್ರೌಂಡ್ ಇದ್ದರೆ ತಳದ ಡ್ರೇನ್ ಮುಚ್ಚಳವನ್ನು ತಪ್ಪದೆ ತೋರಿಸಿ. 2002ರಲ್ಲಿ ಅಮೆರಿಕದ ಮಾಜಿ ವಿದೇಶಾಂಗ ಸಚಿವ ಜೇಮ್ಸ್ ಬೇಕರ್ ಅವರ ಏಳು ವರ್ಷದ ಮೊಮ್ಮಗಳು ಹಾಟ್ ಟಬ್ಬಿನ ಡ್ರೇನ್ ಎಳೆತಕ್ಕೆ ಸಿಕ್ಕಿ ತೀರಿಕೊಂಡಳು. 2007ರಲ್ಲಿ ಅವಳ ಹೆಸರಿನಲ್ಲೇ ಕಾನೂನು ಬಂದು ಮುಚ್ಚಳಗಳ ವಿನ್ಯಾಸ ಬದಲಾಯಿತು. ಅದಕ್ಕಿಂತ ಹಿಂದಿನ ಮುಚ್ಚಳ ಇದ್ದರೆ ಮೊದಲು ಬದಲಾಯಿಸಿ, ಆಮೇಲೆ ನೀರಿಗಿಳಿಯಿರಿ.

ಹೇಗೂ ಈಜುಕೊಳ ತೋಡಿಸುತ್ತಿದ್ದೀರಿ, ಟೆಕ್ಸಸ್‌ನಂಥ ಸೆಕೆ ಊರು, ಆ ಮನೆ ಬಿಡುವ ಯೋಚನೆ ಇಲ್ಲ ಅಂದರೆ ಜೊತೆಗೇ ಸ್ಪಾ ಕಟ್ಟಿಸಿ. ಭಾವನಿಗೆ ಹೀಗೆ ಸೇರಿಸಿದ್ದಕ್ಕೆ 14,000 ಡಾಲರ್ ಆಯಿತು, ಒಂಟಿಯಾಗಿ ಕಟ್ಟಿಸುವುದಕ್ಕಿಂತ ಎಷ್ಟೋ ಕಡಿಮೆ. ಸೊಂಟ ನೋವಿಗೆ, ದಿನಾ ಬಳಸುವುದಕ್ಕೆ, ಹಿಮ ಬೀಳುವ ಊರಿಗೆ ಆದರೆ ನಾನು ಮತ್ತೆ ಪೋರ್ಟಬಲ್ಲನ್ನೇ ತರುತ್ತೇನೆ. ಅದರ ಸೀಟುಗಳು ಬೆನ್ನಿನ ಆಕಾರಕ್ಕೇ ಇರುತ್ತವೆ, ಜೆಟ್ಟುಗಳೂ ಜಾಸ್ತಿ. ಕಾಂಕ್ರೀಟಿನದ್ದರಲ್ಲಿ ಜಗಲಿ ಮೇಲೆ ಕೂತ ಹಾಗೆ ನೇರ ಕೂರಬೇಕು, ಬೆನ್ನು ತರಚುವುದೂ ಉಂಟು.

ಒಂದು ಮಾತ್ರ ಬದಲಾಯಿಸುತ್ತೇನೆ. ಮಲಗುವ ಲೌಂಜ್ ಸೀಟು ಬೇಡ. ಅಂಗಡಿಯಲ್ಲಿ ಜೀನ್ಸ್ ಹಾಕಿಕೊಂಡು ಖಾಲಿ ಟಬ್ಬಿನಲ್ಲಿ ಮಲಗಿ ನೋಡಿ ಮಾರುಹೋದೆವು. ನೀರು ತುಂಬಿದ ಮೇಲೆ ಐದಡಿಯ ನನ್ನ ಹೆಂಡತಿ ಅದರಲ್ಲಿ ಮಲಗಿದರೆ ಬೆಂಡಿನ ಹಾಗೆ ತೇಲುತ್ತಾಳೆ, ಜೆಟ್ ಆನ್ ಮಾಡಿದರೆ ಎದುರು ದಡಕ್ಕೆ ಹೋಗಿ ಸೇರುತ್ತಾಳೆ. ಕೆಲವು ಅಂಗಡಿಗಳಲ್ಲಿ ನೀರು ತುಂಬಿದ ಟಬ್ಬಿನಲ್ಲೇ ಕೂತು ನೋಡಲು ಬಿಡುತ್ತಾರೆ. ಸಂಕೋಚ ಬಿಟ್ಟು ಈಜುಡುಗೆ ತಗೊಂಡು ಹೋಗಿ. ನಮ್ಮ ಲೌಂಜ್ ಸೀಟಿನಲ್ಲಿ ಈಗ ದೊಡ್ಡ ಮಗನೊಬ್ಬನೇ ಮಲಗುವುದು. ಅವನು ಆರಡಿ ಒಂದಿಂಚು.